ಮೊದಲು ತಿರುಗಿದ ಕುರಿ

ಮೈಕ್ ಕೈಗೆ ಬಂದೊಡನೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದ ಪರಿಚಯವೆಲ್ಲ ಮರೆತುಹೋಯಿತು. ಚಳ್ಳಕೆರೆಯ ಕಾಲೇಜೊಂದರಲ್ಲಿ ಸೆಲ್ಯುಲರ್ ಆಟೊಮೇಟಾ ಕುರಿತ ಕಾರ್ಯಾಗಾರ ಅದು. ಪಕ್ಕದ ಚೌಕಗಳನ್ನು ನೋಡಿ ತಾವೂ ಬದಲಾಗುವ ಕಂಪ್ಯೂಟರ್ ಚೌಕಗಳ ಶಾಸ್ತ್ರ. ನನಗಿಂತ ಮೊದಲು ಮಾತಾಡಿದವರೆಲ್ಲ ತಮ್ಮ ಪದವಿಗಳನ್ನೇ ಹೇಳಿಕೊಂಡಿದ್ದರು.

“ನಾನು ದೇವಸಮುದ್ರದ ಕುರಿ ಕಾಯೋರ ಮಗಳು ರೀ,” ಎಂದುಬಿಟ್ಟೆ. “ಮಂದೇಲಿ ಒಂದು ಕುರಿ ತಿರುಗಿದ್ರೆ ಸಾಕು, ಅದನ್ನ ನೋಡಿ ಪಕ್ಕದ್ದೂ ತಿರುಗ್ತೈತೆ. ನಾನು ಈ ಪಾಠ ಕಲಿತಿದ್ದೇ ಅಲ್ಲಿ.”

ಪಕ್ಕದ ಹಿರಿಯ ಪ್ರೊಫೆಸರರಿಗೆ ಮೈಕ್ ಕೊಟ್ಟೆ. ಅವರು ಕೈಲಿದ್ದ ಚೀಟಿಯನ್ನು ಮಡಚಿ ಜೇಬಿಗಿಟ್ಟು, “ನಾನು ಮೊಳಕಾಲ್ಮೂರಿನ ಮಗ್ಗದ ಮನೆಯೋನು ಕಣಮ್ಮ,” ಎಂದರು. ಅವರ ಪಕ್ಕದವರು ಕಮ್ಮಾರರ ಮಗನಂತೆ, ಅವರಾಚೆಯವರು ಬಳೆಗಾರರ ಮಗಳು!

ಕೊನೆಯ ಸಾಲಿನವರೆಗೂ ಒಬ್ಬರೂ ಪದವಿಯ ಮಾತೆತ್ತಲಿಲ್ಲ. ಮೊದಲು ತಿರುಗಿದ ಕುರಿ ನಾನೇ ಎಂಬ ಜಂಬ ಇಂದಿಗೂ ಇಳಿದಿಲ್ಲ.