ತೌಡಿಗೆ ಕೊಂಡ ಮಗ

ನಿಂಬರ್ಗಾದ ಆಯಿಗೆ ಮುಂದಿನ ಹಲ್ಲು ಒಂದೇ ಉಳಿದಿತ್ತು. ನಗು ಬಂದರೆ ಸೆರಗಿನಿಂದ ಅದನ್ನು ಮುಚ್ಚಿಕೊಳ್ಳುತ್ತಿದ್ದಳು. ಬೈಯುವಾಗ ಮಾತ್ರ ಆ ನಾಚಿಕೆ ಇರುತ್ತಿರಲಿಲ್ಲ. ನನಗೆ ಸಿಕ್ಕಿದ್ದು ಹೆಚ್ಚಾಗಿ ಬೈಗುಳವೇ.

ಗೊಬ್ಬೂರಿನಲ್ಲಿ ನನ್ನನ್ನು ಸಾಕಿದ ಅಪ್ಪ ಸಾಯುವ ಮುಂಚೆ, ನಾನು ತನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಕಾರಹುಣ್ಣಿಮೆಯ ಮರುದಿನ ನಿಂಬರ್ಗಾದಲ್ಲಿ ಹುಟ್ಟಿದವನು ಎಂದಷ್ಟೇ ಹೇಳಿದ. ಅವನು ಅದನ್ನು ಹೇಳಿದ್ದು ನಲವತ್ತೇಳನೇ ಇಸವಿಯಲ್ಲಿ. ಅಂದಿನಿಂದ ಉಂಡದ್ದು ಮೈಗೆ ಹತ್ತಲಿಲ್ಲ. ಹೆತ್ತವರು ಯಾರು? ಯಾಕೆ ಬಿಟ್ಟರು? ಆ ಊರಲ್ಲಿ ಕೇಳಿದರೆ ಎಂಥ ಮಾತು ಕೇಳಬೇಕಾದೀತೋ ಎಂಬ ಅಂಜಿಕೆ. ಅದಕ್ಕೇ ಆಳಂದದ ಕಚೇರಿಗೆ ಅಲೆದೆ. ನಿಜಾಮನ ಆಡಳಿತ, ಹುಟ್ಟು-ಸಾವಿನ ದಫ್ತರವೆಲ್ಲ ಉರ್ದುವಿನಲ್ಲಿ. ಇವತ್ತು ಬಾ, ನಾಳೆ ಬಾ ಎಂದು ಸತಾಯಿಸಿದ ಗುಮಾಸ್ತ ಕೊನೆಗೊಮ್ಮೆ ತಾಯಿಯ ಹೆಸರು ಓದಿ ಹೇಳಿದ. ತಂದೆಯ ಹೆಸರೇ ಇರಲಿಲ್ಲ. ನನ್ನ ಅಂಜಿಕೆ ಇಮ್ಮಡಿಯಾಯಿತು.

ಆ ಹೆಸರಿನವಳನ್ನು ಹುಡುಕಿಕೊಂಡು ಹೋದರೆ, ಆಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಕಾಲಿಗೆ ಬಿದ್ದು "ಅವ್ವಾ" ಎಂದೆ.

"ಯಾರಪ್ಪ ನೀ? ನಾ ಒಂದೂ ಹಡದಾಕಿ ಅಲ್ಲೋ!"

ಗೊಬ್ಬೂರು, ಕಾರಹುಣ್ಣಿಮೆ ಎಂದು ಬಿಡಿಸಿ ಹೇಳಿದ ಮೇಲೆ ಮೊರ ಕೆಳಗಿಟ್ಟಳು.

"ನಿನ್ನ ಹಡದಾಕಿ ನಮ್ಮ ಬಾಜೂ ಮನ್ಯಾಕಿ. ಹುಟ್ಟಿದ ಒಂದ್ ಕೂಸೂ ಉಳೀಲಿಲ್ಲ ಅಕೀಗಿ. ಅದಕ್ಕ ನಿನ್ನ ಮೊರದಾಗ ಇಟ್ಟು ಹಿಡಿ ತೌಡಿಗಿ ನನಗ ಮಾರಿದ್ಲು. ತಳವಾರ ಹುಟ್ಟಿದ್ದು ಬರಸಾಕ ಬಂದಾಗ ನಂದೇ ಕೂಸು ಅಂದೆ. ಖರೇ ಹೇಳಿದ್ರ ಯಮಗ ಕೇಳಸ್ತಿತ್ತು, ನಿನ್ನೂ ಒಯ್ತಿದ್ದ. ನಾ ಗಂಡ ಸತ್ತಾಕಿ ಅಂತ ತಳವಾರಗೂ ಗೊತ್ತು, ಅಪ್ಪನ ಹೆಸರು ಬಿಟ್ಟು ಸುಮ್ಮನ ಬರಿಸಿದ."

"ಅಕಿ ಎಲ್ಲಿ ಈಗ?"

"ಬಾಣಂತಿತನದಾಗೇ ಹ್ವಾದ್ಲು. ನಿಮ್ಮಪ್ಪ ನಿನ್ನ ಗೊಬ್ಬೂರಿನವರ ಉಡ್ಯಾಗ ಹಾಕಿ ದೇಶಾಂತರ ಹೋದಾಂವ, ತಿರುಗಿ ಬರಲಿಲ್ಲ."

ನಾನು ಥಟ್ಟನೆ ಎದ್ದು ನಿಂತೆ. ಎಲ್ಲಿಗೆ ಹೋಗಬೇಕೋ ನನಗೇ ತಿಳಿಯದು. ಆಯಿ ಸೆರಗು ಬಾಯಿಗೆ ತಂದುಕೊಂಡಳು.

"ಅಕೀನೂ ಹಿಂಗೇ. ಕುಂತಲ್ಲಿ ಕುಂಡ್ರಾಕಿ ಅಲ್ಲ. ಕುಂಡ್ರಲೇ, ರೊಟ್ಟಿ ಉಣ್ಣು."

ಹೆತ್ತವಳ ಬಗ್ಗೆ ನನಗೆ ಸಿಕ್ಕ ಮೊದಲ ಗುರುತು ಅದು. ಅಳು ಬಂತು.

ಆಮೇಲೆ ಅಮಾವಾಸ್ಯೆಗೊಮ್ಮೆ ಹೋಗುತ್ತಿದ್ದೆ. ರಜಾಕಾರರ ಗದ್ದಲದಲ್ಲಿ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ನಡೆದು ಹೋದದ್ದೂ ಉಂಟು. ಅವ್ವನ ಒಂದು ಸಂಗತಿ ಕೇಳುವುದು, ಅರ್ಧಕ್ಕೇ ಏಳುವುದು. "ಕಾಲಿಗಿ ಗಾಲಿ ಕಟ್ಟಕೊಂಡು ಬಂದೀಯೇನು?" ಎಂದು ಆಯಿ ಬೈಯುತ್ತಿದ್ದಳು.

ನಲವತ್ತೆಂಟರ ಚಳಿಗೆ ಅವಳು ಹಾಸಿಗೆ ಹಿಡಿದಳು. ಒಂದು ದಿನ ನನ್ನನ್ನು ಹತ್ತಿರ ಕರೆದಳು.

"ನೀ ಗಟ್ಟಿ ಆದ ಮ್ಯಾಲೆ ನಿಮ್ಮವ್ವ ತೌಡು ಕೊಟ್ಟು ನಿನ್ನ ತಿರುಗಿ ಕೊಳ್ಳಬೇಕಿತ್ತು. ಅಕಿ ಉಳೀಲಿಲ್ಲ. ಒಳಗ ಗಡಿಗ್ಯಾಗ ತೌಡೈತಿ. ಅಕಿ ಪರವಾಗಿ ನೀನೇ ನನ್ನ ಕೈಯಾಗ ಹಾಕು. ಅಕಿ ಮಗ ಅಕೀಗಿ ಹೋಗಲಿ."

ಒಳಗೆ ಹೋದೆ. ಗಡಿಗೆಯ ತುಂಬ ತೌಡಿತ್ತು. ಹೊರಗೆ ಬಂದು, "ತೌಡಿಲ್ಲ ಆಯಿ" ಎಂದೆ. ಅವಳು ಕಣ್ಣು ಮುಚ್ಚುವ ತನಕ ಅಲ್ಲಿಂದ ಏಳಲಿಲ್ಲ.