ಎಂಟು ಅಂದವಳು

ಪುಷ್ಪಲತಾ ಯಾಕೆ ಕೆಲಸ ಬಿಟ್ಟಳು ಅಂತ ಕೇಳಿದ್ರೆ ನಮ್ಮ ಆಫೀಸಲ್ಲಿ ಎಲ್ರೂ "ಪಾಪ, ಮನೇಲಿ ತೊಂದರೆ" ಅಂತಾರೆ. ಮನೇಲಿ ಏನೂ ತೊಂದರೆ ಇರಲಿಲ್ಲ ಕಣ್ರೀ! ತೊಂದರೆ ಇದ್ದದ್ದು ನಮ್ಮಲ್ಲಿ. ನಾನು ಸೌಮ್ಯ, ಅವಳ ಪಕ್ಕದ ಮೇಜಿನವಳು. ಹೆಸರಿಗೆ ಮಾತ್ರ ಸೌಮ್ಯ, ಈ ವಿಷಯ ಬಂದ್ರೆ ಮೈಯೆಲ್ಲ ಉರಿಯುತ್ತೆ.

ತಿಪಟೂರಲ್ಲಿ ಔಷಧಿ ಅಂಗಡಿ ಮೇಲಿನ ಮಹಡೀಲಿ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸು. ಅವಳು ನೊಣವಿನಕೆರೆಯಿಂದ ಬಸ್ಸಲ್ಲಿ ಬರೋಳು. ಗಂಡ ರುದ್ರೇಶ ಕೊಬ್ಬರಿ ಲಾರಿ ಓಡಿಸ್ತಾನೆ, ಹೋದ್ರೆ ವಾರಗಟ್ಲೆ ಬರಲ್ಲ. ಎರಡು ವರ್ಷದ ಮಗಳು ಲಿಖಿತಾನ ನೋಡ್ಕೊಳ್ಳೋರು ಅತ್ತೆ ಕಲ್ಲಮ್ಮ. ಚಿನ್ನದಂಥ ಹೆಂಗಸು. "ಓದಿದ್ದು ದಂಡ ಆಗಬಾರದು, ಹೋಗವ್ವ" ಅಂತ ಸೊಸೇನ ಕೆಲಸಕ್ಕೆ ಕಳಿಸಿದ್ದೇ ಅವರು. ಒಂದೇ ಮಾತು ಹೇಳಿದ್ರು: "ಹೊತ್ತು ಮುಳುಗಿದ್ರೆ ನಂಗೆ ಕಣ್ಣು ಕಾಣಾಕಿಲ್ಲ. ಅಷ್ಟೊತ್ತಿಗೆ ಬಂದ್ಬುಡು." ಮನೆ ಇರೋದು ತೋಟದೊಳಗೆ. ಕತ್ತಲಾಗೋದ್ರೊಳಗೆ ಮನೆ ಸೇರಿದ್ರೆ ಪುಷ್ಪಲತಾಗೆ ಕೆಲಸ ಉಂಟು, ಇಲ್ಲದಿದ್ರೆ ಇಲ್ಲ.

ನಮ್ಮಲ್ಲಿ ಎರಡು ವಾರಕ್ಕೊಂದ್ಸಲ ಕೆಲಸದ ಅಂದಾಜು ಹಾಕ್ತೀವಿ. ಎಲ್ಲರ ಕೈಲೂ ಅಂಕಿ ಇರೋ ಕಾರ್ಡು. ಕೆಲಸ ಸುಲಭ ಅನ್ನಿಸಿದ್ರೆ ಮೂರು, ಕಷ್ಟ ಅನ್ನಿಸಿದ್ರೆ ಎಂಟು. ಒಟ್ಟಿಗೇ ತೋರಿಸಬೇಕು, ಅಂಕಿ ಬೇರೆಬೇರೆ ಬಂದ್ರೆ ಯಾಕೆ ಅಂತ ಮಾತಾಡಬೇಕು. ಒಬ್ಬರಿಗೆ ಕಂಡ ಗುಂಡಿ ಇನ್ನೊಬ್ಬರಿಗೆ ಕಂಡಿರಲ್ಲ ನೋಡಿ, ಅದಕ್ಕೇ ಅದು ಇರೋದು. ನಮ್ಮ ಜನ ಮಾಡೋದೇನು? ಟೀಮ್ ಲೀಡ್ ದಯಾನಂದ್ ಸಾರ್ ಕಾರ್ಡು ಮೇಜಿಗೆ ಬೀಳೋ ತನಕ ಕಾಯೋದು, ಆಮೇಲೆ ಅದೇ ಅಂಕಿ ಹುಡುಕಿ ಇಡೋದು! ದೊಡ್ಡವರು ಮೂರು ಅಂದ ಮೇಲೆ ಎಂಟು ಅನ್ನೋಕೆ ಬಾಯಿ ಬರಬೇಕಲ್ಲ. ಪುಷ್ಪಲತಾನೂ ಹಂಗೇ ಮಾಡೋಳು, ಆಮೇಲೆ ಊಟ ಬಿಟ್ಟು ಕೆಲಸ ಮುಗಿಸಿ ಬಸ್ಸಿಗೆ ಓಡೋಳು. "ಬಾಯಿಗೆ ಬೀಗ ಹಾಕ್ಕೊಂಡಿದೀಯೇನೇ?" ಅಂತ ನಾನು ಬೈತಿದ್ದೆ.

ಹೋದ ಕಾರ್ತೀಕದಲ್ಲಿ ಹುಬ್ಬಳ್ಳಿಯ ಬೀಜದ ಕಂಪನಿಯೊಂದರ ಹಳೇ ಬಿಲ್ಲುಗಳನ್ನ ಹೊಸ ಪ್ರೋಗ್ರಾಮಿಗೆ ಹಾಕೋ ಕೆಲಸ ಬಂತು. ಶುಕ್ರವಾರದೊಳಗೆ ಮುಗಿಯುತ್ತೆ ಅಂತ ಸಾರ್ ಮೂರು ಇಟ್ರು. ಎಲ್ರೂ ಮೂರು. ಪುಷ್ಪಲತಾ ಒಬ್ಬಳೇ ಎಂಟು ಇಟ್ಟಳು.

"ಯಾಕಮ್ಮಾ?" ಅಂದ್ರು ಸಾರ್.

"ಬಿಲ್ಲು ತೆಗೆದು ನೋಡಿದೀನಿ ಸಾರ್. ಒಂದೇ ಅಂಗಡಿ ಹೆಸರನ್ನ ಒಂದೊಂದು ಕಡೆ ಒಂದೊಂದು ಥರ ಬರೆದವ್ರೆ. ಎಲ್ಲಾನೂ ಕೂತು ನೋಡಿ ಸರಿ ಮಾಡ್ಬೇಕು. ಈ ಶುಕ್ರವಾರಕ್ಕೆ ಆಗಲ್ಲ."

ಸಾರ್ ಒಪ್ಪಿ, ಬೋರ್ಡ್ ಮೇಲೆ ಎಂಟು ಅಂತಲೇ ಬರೆದ್ರು. ನಂಗೆ ಎಷ್ಟು ಖುಷಿ ಆಯ್ತು! ಮಧ್ಯಾಹ್ನ ಹುಬ್ಬಳ್ಳಿಯವರು ಫೋನ್ ಮಾಡಿ ಯಾವಾಗ ಆಗುತ್ತೆ ಅಂತ ಕೇಳಿದ್ರು. ನಮ್ಮ ದಯಾನಂದ್ ಮಹಾನುಭಾವರು "ಶುಕ್ರವಾರ ಸಾರ್, ಗ್ಯಾರಂಟಿ" ಅಂದ್ಬಿಟ್ರು! ನಾನು ಕೇಳಿದ್ದಕ್ಕೆ, "ಆಗಲ್ಲ ಅಂದ್ರೆ ಮರ್ಯಾದೆ ಇರುತ್ತೇನಮ್ಮಾ?" ಅಂತ ನಂಗೇ ಪಾಠ.

ಶುಕ್ರವಾರ ಸಂಜೆಗೆ ಅರ್ಧ ಕೆಲಸಾನೂ ಆಗಿರಲಿಲ್ಲ. ಪುಷ್ಪಲತಾ ಬ್ಯಾಗ್ ಎತ್ಕೊಂಡಳು. "ಹತ್ತು ನಿಮಿಷ ಅಮ್ಮಾ, ಇದೊಂದು ಮುಗಿಸ್ಬಿಡು" ಅಂದ್ರು ಸಾರ್. ಅವಳು ಅತ್ತೆಗೆ ಫೋನ್ ಹಚ್ಚಿ "ಹೊರಟೆ ಅತ್ತೆ" ಅಂದು ಮತ್ತೆ ಕೂತಳು. ತಲೆ ಎತ್ತಿ ನೋಡಿದ್ರೆ ಬೀದಿದೀಪ ಹತ್ತಿತ್ತು, ಬಸ್ಸು ಹೋಗಿತ್ತು. ನನ್ನ ಸ್ಕೂಟರಲ್ಲೇ ಕೂರಿಸ್ಕೊಂಡು ಹೊರಟೆ. ದಾರಿಯುದ್ದಕ್ಕೂ ಅತ್ತೆ ಫೋನ್ ಎತ್ತಲಿಲ್ಲ.

ಮನೆ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇಲ್ಲ. ಕಲ್ಲಮ್ಮ ತೋಟದ ನೀರಿನ ತೊಟ್ಟಿ ಪಕ್ಕ ಮಂಡಿಯೂರಿ, ನೀರೊಳಗೆ ಎರಡೂ ಕೈ ಆಡಿಸ್ತಾ "ಕಂದಾ... ಕಂದಾ..." ಅಂತಿದ್ರು. ಅಯ್ಯೋ ಶಿವನೇ! ಪುಷ್ಪಲತಾ ಸೀರೆ ಸಮೇತ ತೊಟ್ಟಿಗೆ ಇಳಿದಳು. ಅವಳು ನೀರಲ್ಲಿ ತಡಕಾಡ್ತಿದ್ರೆ ನಾನು ಮೊಬೈಲ್ ಬೆಳಕು ಹಿಡ್ಕೊಂಡು ತೋಟವೆಲ್ಲ ಹುಡುಕಿದೆ. ಮಗು ತೆಂಗಿನ ಗರಿ ರಾಶಿ ಹಿಂದೆ ಮಲಗಿ ನಿದ್ದೆ ಹೋಗಿತ್ತು.

ಕಲ್ಲಮ್ಮ ಬೈಯಲಿಲ್ಲ. "ಹೊರಟೆ ಅಂದ್ಯಲ್ಲವ್ವಾ, ಈಗ ಬತ್ತಾಳೆ ಅಂತ ಬಾಗ್ಲು ತೆಗ್ದೆ. ಕೂಸು ಆಚೆ ಹೋಗಿದ್ದು ಕಾಣ್ನಿಲ್ಲ" ಅಂತ ಅತ್ತರು.

ಸೋಮವಾರ ಪುಷ್ಪಲತಾ ಬಂದು ರಾಜೀನಾಮೆ ಕೊಟ್ಟು ಹೋದಳು. ಸಾರ್ ಹುಬ್ಬಳ್ಳಿಗೆ ಫೋನ್ ಮಾಡಿ, ಒಬ್ಬರು ಕೆಲಸ ಬಿಟ್ರು, ಇನ್ನೊಂದು ವಾರ ಬೇಕು ಅಂತ ಗೋಗರೆದ್ರು. ಸ್ಪೀಕರಲ್ಲಿ ನಮಗೆಲ್ಲ ಕೇಳಿಸ್ತು: "ಅಯ್ಯ, ತಗೋರಿ. ಮೊದ್ಲ ಹೇಳಬಾರದೇನ್ರೀ? ನಮಗ ಬೇಕಾಗಿದ್ದು ಮುಂದಿನ ತಿಂಗಳಿಗೆ."

ನಂಗೆ ಅಳು, ಸಿಟ್ಟು ಒಟ್ಟಿಗೇ ಬಂತು. ಸಾರ್ ಮುಖ ನೋಡದೆ ಹೊರಗೆ ಬಂದು ಅವಳಿಗೆ ಫೋನ್ ಮಾಡಿದೆ. "ವಾಪಸ್ ಬಾರೇ. ಇನ್ಮೇಲೆ ಬೆಳಕಿರುವಾಗಲೇ ಕಳಿಸ್ತೀವಿ, ನಾನು ಜಗಳ ಆಡಿಯಾದ್ರೂ ಕಳಿಸ್ತೀನಿ."

"ಅತ್ತೆ ಈಗ ಹೆದರ್ಕೊಂಡು ಹಗಲಲ್ಲೂ ಮಗೂನ ಮುಟ್ಟಲ್ಲ ಕಣೇ" ಅಂದಳು.