ಹೊಸ್ತಿಲಿನ ಗೋಣಿಚೀಲ

ಆ ಊರಿನವರು ನನಗೆ ಇಟ್ಟ ಹೆಸರು ಮರ್ಯಾದೆಯದಲ್ಲ. ನಮ್ಮ ಜೀಪು ಹಾಲಿನ ಡೇರಿಯ ಮುಂದೆ ನಿಲ್ಲುತ್ತಿದ್ದಂತೆ ಜಗುಲಿಯ ಮೇಲೆ ಕೂತ ಗಂಡಸರಲ್ಲಿ ಒಬ್ಬ ಕೂಗುತ್ತಿದ್ದ.

“ಹೇಲ್ ಮೇಡಮ್ಮು ಬಂತು ಕಣ್ರಲಾ! ಕೊಡೋರಿದ್ರೆ ಎದ್ದೇಳಿ.”

“ನೀನೇ ಕೊಡ್ಲಾ. ಬೆಳಗ್ಗಿಂದ ಮೂರು ಸಲ ಚೊಂಬು ಹಿಡ್ಕೊಂಡ್ ಹೋಗಿದ್ದೀಯ.”

ಹೆಸರು ತಪ್ಪಾಗಿರಲಿಲ್ಲ. ರಾಮನಗರ ತಾಲ್ಲೂಕಿನ ಕೂಟಗಲ್ ಸುತ್ತಿನ ಹಳ್ಳಿಗಳಲ್ಲಿ ಕಾಲರಾ ಮತ್ತು ವಾಂತಿಭೇದಿಯ ಬಗ್ಗೆ ನಡೆಯುತ್ತಿದ್ದ ಅಧ್ಯಯನವೊಂದರಲ್ಲಿ ನಾನು ದಾಖಲೆ ಬರೆಯುವ ಕೆಲಸಕ್ಕಿದ್ದೆ. ಭೇದಿ ಶುರುವಾದವರ ಮನೆಯಿಂದ ಮಲದ ಮಾದರಿಯನ್ನು ಡಬ್ಬಿಯಲ್ಲಿ ತರುವುದು ಒಂದು ಕೆಲಸ. ಬಾಯಲ್ಲಿ ಕುಡಿಸುವ ಹೊಸ ಲಸಿಕೆಯನ್ನು ಎರಡು ವಾರದ ಅಂತರದಲ್ಲಿ ಎರಡು ಸಲ ಕುಡಿಸಿ, ಆಮೇಲೆ ಯಾರಿಗೆ ಏನಾಯಿತೆಂದು ಬರೆಯುವುದು ಇನ್ನೊಂದು. ಅದಕ್ಕೂ ಮೊದಲು ನಾನು ದಿನಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಬರೆಯುತ್ತಿದ್ದೆ. ಜಿಲ್ಲೆಯ ಪುಟ ನಿಂತಿತು, ನಾನು ಇಲ್ಲಿಗೆ ಬಂದೆ. ಕೆಲಸ ಹೆಚ್ಚೇನೂ ಬದಲಾಗಲಿಲ್ಲ. ಕೇಳಬೇಕು, ನೋಡಬೇಕು, ಬರೆಯಬೇಕು.

ಜನಕ್ಕೆ ನಮ್ಮ ಮೇಲೆ ಸಿಟ್ಟಿತ್ತು. ಊರಿನ ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಹಾದುಹೋಗಿತ್ತು. ಅವರು ಕೇಳಿದ್ದು ಹೊಸ ಪೈಪು, ಬಂದದ್ದು ನಾವು. ಅದರಲ್ಲೂ ಅರ್ಧ ಜನರ ಸೀಸೆಯಲ್ಲಿ ಲಸಿಕೆ, ಉಳಿದರ್ಧ ಜನರದ್ದರಲ್ಲಿ ಮದ್ದಿಲ್ಲದ ನೀರು. ಯಾವುದರಲ್ಲಿ ಯಾವುದಿದೆ ಎಂದು ಕುಡಿಸುವ ನಮಗೂ ಗೊತ್ತಿರುವುದಿಲ್ಲ. ಪರೀಕ್ಷೆ ನಡೆಯುವುದೇ ಹಾಗೆ. ಸಹಿ ಹಾಕಿಸಿಕೊಳ್ಳುವ ಮುನ್ನ ಇದನ್ನೆಲ್ಲ ಓದಿ ಹೇಳುತ್ತಿದ್ದೆವು.

“ಅಂದ್ರೆ ಬರೀ ನೀರು ಕುಡ್ಸ್‌ಬುಟ್ಟು ನಾವು ಸಾಯ್ತೀವೋ ಬದುಕ್ತೀವೋ ಅಂತ ನೋಡ್ತೀರಾ?” ಎಂದು ಒಬ್ಬ ಮುದುಕ ಕೇಳಿದ್ದ. ಭೇದಿಯಾದರೆ ಚಿಕಿತ್ಸೆ ಕೊಡುತ್ತೇವೆ ಎಂದೆ. ಅವನು ಸಹಿ ಹಾಕಲಿಲ್ಲ.

ತರಬೇತಿಯಲ್ಲಿ ನಮ್ಮ ಮೇಲ್ವಿಚಾರಕ ಡಾಕ್ಟರು ಎರಡು ನಿಯಮ ಹೇಳಿದ್ದರು. ಒಂದು, ನುಂಗಿದ್ದನ್ನು ಕಣ್ಣಾರೆ ನೋಡದೆ ‘ಕುಡಿದರು’ ಎಂದು ಬರೆಯಬಾರದು. ಬಾಯಿ ತೆರೆಸಿ ನೋಡಬೇಕು. ಎರಡು, ಲಸಿಕೆ ಕೊಟ್ಟ ಮೇಲೆ ಆ ಮನೆಯಲ್ಲಿ ಏನೇ ನಡೆದರೂ ಬರೆಯಬೇಕು. ತಲೆನೋವು, ಜಾರಿ ಬಿದ್ದದ್ದು, ಚೇಳು ಕುಟುಕಿದ್ದು, ಯಾವುದಾದರೂ ಸರಿ. “ಕಾರಣ ಹುಡುಕೋದು ನಿಮ್ಮ ಕೆಲಸ ಅಲ್ಲ. ಏನಾಯ್ತು ಅಂತ ಬರೀರಿ,” ಎಂದಿದ್ದರು. ಸುದ್ದಿಮನೆಯಲ್ಲಿ ಕಲಿತದ್ದೂ ಅದೇ ಆದ್ದರಿಂದ ನನಗೆ ಒಗ್ಗಿತು.

ಊರ ಕೊನೆಯ ಮನೆಯಲ್ಲಿ ಅತ್ತೆ, ಸೊಸೆ ಮತ್ತು ಸೊಸೆಯ ನಾಲ್ಕು ವರ್ಷದ ಮಗಳು ಇದ್ದರು. ಸೊಸೆಯ ಗಂಡ ಲಾರಿ ಓಡಿಸುತ್ತಿದ್ದ, ಶನಿವಾರ ಬರುತ್ತಿದ್ದ. ನಡುಮನೆಯ ತುಂಬ ರೇಷ್ಮೆ ಹುಳುವಿನ ತಟ್ಟೆಗಳು. ಹುಳು ಸಾಕುವ ಜಾಗಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ಹೊಸ್ತಿಲಿಗೆ ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿರುತ್ತಾರೆ. ಮನೆಯವರೂ ಬರಿಗಾಲಲ್ಲಿ ಅದನ್ನು ತುಳಿದೇ ಒಳಗೆ ಹೋಗಬೇಕು. ಮುಟ್ಟಾದ ಹೆಂಗಸು ಮೂರು ದಿನ ಒಳಗೆ ಕಾಲಿಡುವಂತಿಲ್ಲ. ಗೋಣಿಚೀಲದ ನಿಯಮವನ್ನು ರೇಷ್ಮೆ ಇಲಾಖೆಯವರು ಹೇಳಿಕೊಟ್ಟಿದ್ದರು. ಮುಟ್ಟಿನದು ಯಾರೂ ಹೇಳಿಕೊಡದೆ ಬಂದದ್ದು. ಊರು ಎರಡನ್ನೂ ಒಂದೇ ನಿಷ್ಠೆಯಿಂದ ಪಾಲಿಸುತ್ತಿತ್ತು.

ಮೊದಲ ಸುತ್ತಿನ ದಿನ ಬೆಳಗ್ಗೆ ಮಳೆ ಹನಿದಿತ್ತು. ಅತ್ತೆ ಸೊಪ್ಪು ಕೊಯ್ಯಲು ಹಿಪ್ಪುನೇರಳೆ ತೋಟಕ್ಕೆ ಹೋಗಿದ್ದರು. ಜಗುಲಿಯಲ್ಲಿ ಕೂತು ಸೊಸೆಯ ಫಾರಂ ತುಂಬಿದೆ. ಈ ಪರೀಕ್ಷೆಯಲ್ಲಿ ಗರ್ಭಿಣಿಯರಿಗೆ ಲಸಿಕೆ ಕೊಡುವಂತಿರಲಿಲ್ಲ, ಆದ್ದರಿಂದ ಹೆಂಗಸರನ್ನು ಕೊನೆಯ ಸಲ ಮುಟ್ಟಾದ ತಾರೀಕು ಕೇಳಿ ಬರೆಯುತ್ತಿದ್ದೆವು. ಆಕೆ ತಲೆ ತಗ್ಗಿಸಿ ಹೇಳಿದಳು. ಆಗಿ ಒಂದು ವಾರ ಕಳೆದಿತ್ತು, ಆಗ ತವರಿನಲ್ಲಿದ್ದಳಂತೆ. ಲಸಿಕೆ ಕುಡಿದು ಮುಖ ಕಿವುಚಿದಳು. “ಮೀನು ತೊಳ್ದ್ ನೀರಂಗೈತೆ.”

ಮಗು ನಡುಮನೆಯಲ್ಲಿ ಮಲಗಿತ್ತು.

“ಕೊಡಿ ಇತ್ಲಾಗೆ, ನಾನೇ ಕುಡುಸ್ತೀನಿ. ಒಳೀಕ್ ಬರ್ಬೇಡಿ, ಹುಳ ಹಣ್ಣಾಗಾಕ್ ಬಂದವೆ.” ಹುಳು ಹಣ್ಣಾದರೆ ಗೂಡು ಕಟ್ಟುತ್ತದೆ, ಇನ್ನೆರಡು ಮೂರು ದಿನದ ಮಾತು.

“ಕುಡಿಯೋದನ್ನ ನಾನು ನೋಡ್ಬೇಕಮ್ಮ. ನಮ್ಮ ರೂಲ್ಸು.”

“ಎಬ್ಬಿಸ್ಕೊಂಡ್ ಬತ್ತೀನಿ, ಒಸಿ ತಡೀರಿ.”

ನಾನು ತಡೆಯಲಿಲ್ಲ. ಸೀಸೆಯ ಮುಚ್ಚಳ ತೆಗೆದಾಗಿತ್ತು. ಇನ್ನೊಂದು ಬೀದಿಯ ಮನೆಗಳು ಬಾಕಿ ಇದ್ದವು. ಲಸಿಕೆ ಇಟ್ಟ ಡಬ್ಬದ ಐಸು ಕರಗುತ್ತಿತ್ತು. ಲೇಸು ಕಟ್ಟಿದ ಬಟ್ಟೆಯ ಶೂ ಹಾಕಿದ್ದೆ. ಬಿಚ್ಚಿದರೆ ಹೊತ್ತಾಗುತ್ತದೆ, ಬ್ಲೀಚಿಂಗ್ ನೀರು ತುಳಿದರೆ ಬಣ್ಣ ಹೋಗುತ್ತದೆ. ಗೋಣಿಚೀಲದ ಮೇಲೆ ಕಾಲಿಡದೆ ಉದ್ದ ಹೆಜ್ಜೆ ಹಾಕಿ ದಾಟಿದೆ. ಅದು ಏತಕ್ಕೆ ಹಾಸಿದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಗಂಟೆ ಮೊದಲು ಅದೇ ಶೂನಲ್ಲಿ, ಭೇದಿಯಾಗುತ್ತಿದ್ದ ಮಗುವಿನ ಮನೆಯ ಹಿತ್ತಲಲ್ಲಿ ನಿಂತು ಡಬ್ಬಿ ತುಂಬಿಸಿಕೊಂಡು ಬಂದಿದ್ದೆ.

ಮಗು ಕುಡಿಯಿತು. ಬಾಯಿ ತೆರೆಸಿ ನೋಡಿದೆ, ಬರೆದೆ. ಸೊಸೆ ನನ್ನ ಶೂಗಳನ್ನೇ ನೋಡುತ್ತಿದ್ದಳು. ಹೊರಟಾಗ ದಾರಿಯಲ್ಲಿ ಅತ್ತೆ ಎದುರಾದರು. ಅವರ ತಲೆಯ ಮೇಲಿದ್ದ ಸೊಪ್ಪಿನ ಹೊರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮೂರನೆಯ ದಿನ, ಲಸಿಕೆಯಿಂದ ಏನಾದರೂ ತೊಂದರೆಯಾಯಿತೇ ಎಂದು ಕೇಳಲು ಹೋದೆ. ಅವರ ತಿಪ್ಪೆಯ ಪಕ್ಕ ಗುಂಡಿ ತೋಡಿತ್ತು. ತಟ್ಟೆಗಟ್ಟಲೆ ಹುಳುಗಳನ್ನು ಅದಕ್ಕೆ ಸುರಿದು ಮೇಲೆ ಸುಣ್ಣ ಹಾಕುತ್ತಿದ್ದರು. ಸಪ್ಪೆ ರೋಗ. ಹುಳು ಸೊಪ್ಪು ಮುಟ್ಟುವುದಿಲ್ಲ, ಬಾಯಿಂದ ನೀರು ಕಾರುತ್ತದೆ, ಹಿಕ್ಕೆ ತೆಳ್ಳಗಾಗುತ್ತದೆ, ಮೈ ಮೆತ್ತಗಾಗಿ ಕಪ್ಪಾಗಿ ಸಾಯುತ್ತದೆ. ಅದೂ ವಾಂತಿಭೇದಿಯೇ.

ಅತ್ತೆ ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಸೊಸೆ ಗೋಡೆಗೆ ಒರಗಿದ್ದಳು.

“ಮೂರು ದಿನ ಹೊರಗ್ ಕೂತ್ಕೊಳಾಕ್ ಏನೇ ದಾಡಿ ನಿಂಗೆ? ಮುಟ್ಟಾಗಿರೋದ ಮುಚ್ಚಿಟ್ಕೊಂಡು ತಟ್ಟೆಗ್ ಕೈ ಹಾಕಿದ್ದೀಯ!”

“ಇಲ್ಲ ಕಣತ್ತೆ. ನನ್ ಮಗೀನ್ ಮ್ಯಾಲಾಣೆ, ನಾನ್ ಆಗಿರ್ನಿಲ್ಲ.”

“ಆಣೆ ಬೇರೆ ಕೇಡು! ಆಣೆಯ ನಿಮ್ಮಪ್ಪನ್ ಮನೇಲ್ ಹೋಗಿ ಇಕ್ಕು. ಶನ್ವಾರ ನನ್ ಮಗ ಬರ್ಲಿ, ಬಸ್ ಹತ್ತಿಸ್ ಕಳುಸ್ತೀನಿ. ಮಗ ಇಲ್ಲೇ ಇರ್ತದೆ.”

ಇಲ್ಲೇ ಇರುವ ‘ಮಗ’ ಎಂದರೆ ಮಗು, ಮೊಮ್ಮಗಳು. ಸೊಸೆಯ ತವರು ಸೋಲೂರಿನ ಕಡೆ. ಹಾಗೆ ಕಳಿಸಿದ ಹೆಂಗಸರು ಎಷ್ಟು ಬೇಗ ವಾಪಸು ಬರುತ್ತಾರೆಂಬುದು ಅಲ್ಲಿ ಸೇರಿದ್ದ ಎಲ್ಲರಿಗೂ ಗೊತ್ತಿತ್ತು.

ಆಕೆ ನನ್ನನ್ನು ನೋಡಿದಳು. “ಮೇಡಂ, ನನ್ ತಾರೀಕ ನಿಮ್ ಫಾರಂನಾಗೆ ಬರ್ಕೊಂಡಿದ್ದೀರಲ್ಲ. ಓದಿ ಹೇಳಿ ಇವ್ರಿಗೆ.”

ಫಾರಂ ಆಫೀಸಿನಲ್ಲಿದೆ, ಕೇಳಿ ಬರುತ್ತೇನೆ ಎಂದೆ. ತಾರೀಕು ನನಗೆ ನೆನಪಿತ್ತು. ಆಕೆ ನನ್ನ ಶೂ ವಿಷಯ ಎತ್ತಲಿಲ್ಲ. ಎತ್ತಿದ್ದರೆ, ಹೊರಗಿನವರನ್ನು ಒಳಗೆ ಬಿಟ್ಟ ತಪ್ಪೂ ಆಕೆಯ ತಲೆಗೇ ಬರುತ್ತಿತ್ತು. ನಾನೂ ಎತ್ತಲಿಲ್ಲ.

ಸಂಜೆ ರಾಮನಗರದ ಆಫೀಸಿನಲ್ಲಿ ಆ ಮನೆಯ ಫಾರಂ ತೆಗೆದು ಕೊನೆಯ ಕಾಲಂನಲ್ಲಿ ಹೀಗೆ ಬರೆದೆ: ‘ಮೂರನೇ ದಿನ ಮನೆಯ ರೇಷ್ಮೆ ಹುಳುಗಳು ಸತ್ತಿವೆ. ಮೊದಲ ದಿನ ದಾಖಲೆ ಬರೆಯುವವರು ಶೂ ಬಿಚ್ಚದೆ ಹುಳುವಿನ ಕೋಣೆಗೆ ಹೋಗಿದ್ದರು.’ ಡಾಕ್ಟರು ಅದನ್ನು ಎರಡು ಸಲ ಓದಿದರು.

“ಏನ್ರೀ ಇದು? ಹುಳುಗಳನ್ನೂ ನಮ್ಮ ಅಧ್ಯಯನಕ್ಕೆ ಸೇರಿಸಿದ್ದೀರಾ? ಸಹಿ ಯಾರು ಹಾಕಿದ್ರು ಅವುಗಳ ಪರವಾಗಿ?”

“ಮನೆಯಲ್ಲಿ ಏನೇ ನಡೆದರೂ ಬರೀಬೇಕು ಅಂದಿದ್ರಿ, ಸಾರ್.”

“ಮನುಷ್ಯರಿಗೆ ಆಗೋದನ್ನ. ಈ ಸಾಲು ಊರಿಗೆ ಗೊತ್ತಾದ್ರೆ ಎರಡನೇ ಸುತ್ತಿಗೆ ಒಬ್ಬರೂ ಬಾಯಿ ತೆರೆಯಲ್ಲ. ನೆಂದ ಸೊಪ್ಪು ಹಾಕಿದ್ರೂ ಸಪ್ಪೆ ರೋಗ ಬರುತ್ತೆ. ನಿಮ್ಮ ಶೂನಿಂದಲೇ ಬಂತು ಅಂತ ಹೇಗೆ ಹೇಳ್ತೀರ?”

“ನಾನು ಹೇಳ್ತಾ ಇಲ್ಲ. ಕಾರಣ ಹುಡುಕೋದು ನನ್ನ ಕೆಲಸ ಅಲ್ಲ.”

ಅವರು ಸ್ಕೇಲು ಇಟ್ಟು ಸಾಲಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಹೊಡೆದು ಹಾಕಿದ್ದು ಓದಲು ಬರುವಂತಿರಬೇಕು ಎಂಬುದೂ ನಮ್ಮ ನಿಯಮ. ಗೆರೆಯ ಕೆಳಗೆ ಪ್ರತಿ ಅಕ್ಷರವೂ ಕಾಣುತ್ತಿತ್ತು. ಸೊಸೆ ತನ್ನದೇ ತಾರೀಕು ಕೇಳುತ್ತಿದ್ದಾಳೆ ಎಂದೆ. “ಫಾರಂ ಹೊರಗೆ ಹೋಗಲ್ಲ,” ಎಂದರು.

ಶನಿವಾರ ರಜೆ ಹಾಕಿ ಬಸ್ಸಿನಲ್ಲಿ ಹೋದೆ. ಗಂಡ ಬಂದಿದ್ದ. ಬಾಗಿಲಲ್ಲಿ ಸೊಸೆಯ ಬ್ಯಾಗು ಇತ್ತು. ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದರು. ನಾನು ಅಂಗಳದಲ್ಲೇ ನಿಂತು, ಸೊಸೆಯ ಕಡೆ ನೋಡಿ, ಹೇಳಲೇ ಎಂದು ಕೇಳಿದೆ. ಆಕೆ ತಲೆಯಾಡಿಸಿದಳು. ತಾರೀಕು ಹೇಳಿದೆ.

ಅತ್ತೆ ನಕ್ಕರು. “ಅದು ಇವ್ಳೇ ಬರೆಸಿದ್ದು ತಾನೆ? ನೀನ್ ನೋಡಿದ್ಯಾ?”

ಪತ್ರಿಕೆಯಲ್ಲಿದ್ದಾಗ ಯಾವ ಸಂಪಾದಕರೂ ನನ್ನನ್ನು ಇಷ್ಟು ನೇರವಾಗಿ ಹಿಡಿದಿರಲಿಲ್ಲ. ನಾನು ಬರೆದದ್ದು ಆಕೆ ಹೇಳಿದ್ದನ್ನು. ನೋಡಿದ್ದಲ್ಲ. ನೋಡಿದ್ದು ಬೇರೆ ಇತ್ತು.

“ಇಲ್ಲ,” ಎಂದೆ. “ನಾನು ನೋಡಿದ್ದು ಹೇಳ್ತೀನಿ. ಮದ್ದು ಕುಡಿಸಿದ ದಿನ ನಾನು ಭೇದಿಯ ಮನೆಯ ಹಿತ್ತಲಲ್ಲಿ ನಿಂತು ಬಂದಿದ್ದೆ. ಅದೇ ಶೂನಲ್ಲಿ, ಗೋಣಿಚೀಲ ತುಳಿಯದೆ ದಾಟಿ, ನಿಮ್ಮ ನಡುಮನೆಗೆ ಬಂದೆ. ನಿಮ್ಮ ಸೊಸೆ ಬರಬೇಡಿ ಅಂದ್ರು. ನಾನು ಕೇಳಲಿಲ್ಲ.”

ಮೊದಲು ಮಾತಾಡಿದವನು ಗಂಡ. “ನಮ್ ಮನೆ ಅಂದ್ರೆ ಕಕ್ಕಸ್ಸು ಅಂದ್ಕಂಡ್ರೇನ್ರೀ?”

“ಹೇಲ್ ತುಳ್ದ್ ಕಾಲು!” ಅತ್ತೆ ನನ್ನ ಕಾಲ ಬಳಿ ಉಗಿದರು. “ಥೂ! ರೋಗ ಬಿಡಿಸೋರಂತೆ ಇವ್ರು. ಮನೆ ಮನೇಗ್ ಹಂಚ್ಕೊಂಡ್ ತಿರುಗ್ತಾವ್ರೆ ಕಣ್ರಮ್ಮ!”

ಯಾರೋ ಬಕೆಟ್ಟಿನಲ್ಲಿದ್ದ ಸಗಣಿ ನೀರು ಎರಚಿದರು. ಬಲಗಡೆಯ ಹೆಗಲಿಗೆ ಬಿತ್ತು. ಡೇರಿಯವರೆಗೆ ಬೈಗುಳ ಹಿಂಬಾಲಿಸಿತು. ನೆಂದ ಸೊಪ್ಪಿನ ಮಾತನ್ನು ನಾನು ಅಲ್ಲಿ ಎತ್ತಲಿಲ್ಲ. ಎತ್ತಿದ್ದರೆ ಅತ್ತೆಯ ಮೇಲೆ ಹೊರಿಸಿದಂತಾಗುತ್ತಿತ್ತು, ಬ್ಯಾಗು ಬಾಗಿಲಲ್ಲೇ ಉಳಿಯುತ್ತಿತ್ತು. ಬಿಟ್ಟದ್ದನ್ನು ಇಲ್ಲಿ ದಾಖಲಿಸಿದ್ದೇನೆ. ತಿರುಗಿ ನೋಡಿದಾಗ ಸೊಸೆ ಬ್ಯಾಗು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ನೋಡಬೇಕಾದ ಕಾರಣವೂ ಇರಲಿಲ್ಲ. ಬಾಯಿ ಬಿಡಲು ನಾನು ಶನಿವಾರದವರೆಗೆ ತೆಗೆದುಕೊಂಡಿದ್ದೆ.

ಸೋಮವಾರ ಡಾಕ್ಟರಿಂದ ಚೀಟಿ ಬಂತು. ಎರಡನೇ ಸುತ್ತು ಮುಗಿಯುವವರೆಗೆ ಇರಿ, ಆಮೇಲೆ ಕೆಲಸಕ್ಕೆ ಬೇಡ ಎಂದು ಬರೆದಿತ್ತು. ಊರಿನಿಂದ ಸುದ್ದಿ ಬಂದದ್ದು ಬೇರೆ. ಮದ್ದು ಕುಡಿಯುತ್ತೇವೆ, ಆದರೆ ಡೇರಿಯ ಮುಂದೆ. ನಿಮ್ಮವರು ಯಾರೂ ಮನೆ ಬಾಗಿಲಿಗೆ ಬರಕೂಡದು.

ಎರಡನೇ ಸುತ್ತಿನ ದಿನ ಜೀಪಿನಿಂದ ಇಳಿಯುವ ಜಾಗದಲ್ಲಿ ನಾಲ್ಕು ಗೋಣಿಚೀಲ ಸಾಲಾಗಿ ಹಾಸಿತ್ತು. ಬ್ಲೀಚಿಂಗ್ ವಾಸನೆಗೆ ಕಣ್ಣು ಉರಿಯಿತು. ಪಕ್ಕದಲ್ಲಿ ಸೊಸೆ ಬಕೆಟ್ಟು, ಚೊಂಬು ಹಿಡಿದು ನಿಂತಿದ್ದಳು. ಅತ್ತೆ ಸ್ವಲ್ಪ ಹಿಂದೆ, ಮೊಮ್ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು.

“ಶೂ ಬಿಚ್ಚಿ,” ಎಂದಳು ಸೊಸೆ.

ಆ ದಿನ ನಮ್ಮ ಜೀಪಿನಲ್ಲೇ ಬಂದಿದ್ದ ಡಾಕ್ಟರು ಜಗುಲಿಯ ಕಡೆ ನೋಡಿದರು.

“ಬಿಚ್ಚಿ ಡಾಕ್ಟ್ರೆ, ನಾಚ್ಕೋಬ್ಯಾಡಿ!” ಎಂದು ಅಲ್ಲಿಂದ ಒಬ್ಬ ಕೂಗಿದ. “ರೂಲ್ಸು ಕಣ್ರೀ, ರೂಲ್ಸು!”

ಡಾಕ್ಟರು ಬಗ್ಗಿ ಲೇಸು ಬಿಚ್ಚಿದರು, ಕಾಲುಚೀಲ ತೆಗೆದರು, ತುಳಿದು ದಾಟಿದರು. ಜೊತೆಗಿದ್ದ ನರ್ಸು ದಾಟಿದಳು. ಕೊನೆಗೆ ನಾನು. ಬಲಗಾಲನ್ನು ಚೀಲದ ಮೇಲೆ ಇಟ್ಟು ತೆಗೆದೆ. ಸೊಸೆ ಕೆಳಗೆ ಕೂತು ಅಂಗಾಲು ಎತ್ತಿಸಿ ನೋಡಿದಳು. ನಾವು ಬಾಯಿ ತೆರೆಸಿ ನೋಡುವಷ್ಟೇ ಹತ್ತಿರದಿಂದ, ಅಷ್ಟೇ ಹೊತ್ತು. ಬೆರಳುಗಳ ಸಂದಿಗೆ ಇನ್ನೊಂದು ಚೊಂಬು ಸುರಿದಳು.

“ಇನ್ನೊಂದ್ ಕಾಲು,” ಎಂದಳು.